ಒಲೆ ತುಂಬಿಸುವ ವಿದ್ಯೆ

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಹೇಡಿ ಎಂಬುದು ನನಗೆ ಗೊತ್ತಾಯಿತು. ಎಷ್ಟೋ ಜನರಿಗೆ ಇದು ಆಯುಷ್ಯವಿಡೀ ಗೊತ್ತಾಗುವುದಿಲ್ಲ, ಗೊತ್ತಾದರೂ ಹೊತ್ತು ನೆನಪಿರುವುದಿಲ್ಲ. ನಾನಾದರೋ ಹಲ್ಲುಜ್ಜುತ್ತ ಅಡುಗೆಮನೆಯ ಗಡಿಯಾರವನ್ನೇ ನೋಡುತ್ತಿದ್ದೆ. ಕಡಿಯಾಳಿಯ ನಮ್ಮ ಬಾಡಿಗೆ ಮನೆಗೆ ಗ್ಯಾಸ್ ಬಂದು ಒಂದು ತಿಂಗಳಾಗಿತ್ತು. ಇಡೀ ಓಣಿಗೆ ಅದೇ ಮೊದಲನೆಯದು, ನೋಡಲಿಕ್ಕೆಂದೇ ಜನ ಬಂದಿದ್ದರು. ಹೆಂಡತಿ ಸುಮತಿ ಕಡ್ಡಿ ಗೀರಿದಳು. ಒಲೆಯ ಬದಲು ಕೆಳಗಿನ ರಬ್ಬರ್ ನಳಿಗೆ ಬೆಂಕಿ ಹೊತ್ತಿತು, ಅಲ್ಲಿಂದ ಅವಳ ಸೆರಗಿಗೆ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ದಹನಕ್ರಿಯೆಯ ಸಮೀಕರಣ ನನಗೆ ಬಾಯಿಪಾಠ. ಆದರೆ ಬಾಯಲ್ಲಿ ಆಗ ಬ್ರಷ್ ಇತ್ತು. ನಿಂತೇ ಇದ್ದೆ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಮ್ಮ, ಪಕ್ಕದ ಮನೆಯ ದನಕ್ಕೆಂದು ಇಟ್ಟಿದ್ದ ಅಕ್ಕಿ ತೊಳೆದ ನೀರನ್ನು ಸೊಸೆಯ ಮೇಲೆ ಸುರಿದರು. ಸುಮತಿ ತಾನೇ ಬಗ್ಗಿ ಸಿಲಿಂಡರಿನ ತಿರುಪು ಮುಚ್ಚಿದಳು. ಮುಂಗೈಯ ಮೇಲೆ ಒಂದು ಬೊಕ್ಕೆ ಎದ್ದಿತು, ಅರ್ಧ ಸೀರೆ ಹೋಯಿತು. ಅಷ್ಟಕ್ಕೇ ಮುಗಿಯಿತು.

ಮುಗಿಯಲಿಲ್ಲ. ಸಿಲಿಂಡರನ್ನು ಅಂಗಳದ ಹಲಸಿನ ಮರದ ಬುಡಕ್ಕೆ ಸಾಗಿಸಿದ ಮೇಲೂ ರಾತ್ರಿ ಒಂದು ಸಲ ಅವಳು, ಒಂದು ಸಲ ನಾನು ಎದ್ದು ಅಡುಗೆಮನೆಯ ಗಾಳಿ ಮೂಸಿ ಬರುತ್ತಿದ್ದೆವು. ಅವಳು ಒಳಗೆ ಕಾಲಿಡುತ್ತಿರಲಿಲ್ಲ, ಹೊಸ್ತಿಲಿನಿಂದಲೇ ಮೂಸುತ್ತಿದ್ದಳು. ನಾನು ಕಣ್ಣು ಮುಚ್ಚಿದರೆ ಸೆರಗು ಹೊತ್ತುತ್ತಿತ್ತು, ನಾನು ನಿಂತೇ ಇರುತ್ತಿದ್ದೆ. ಅದನ್ನು ಅವಳು ನೋಡಿದ್ದಾಳೆಯೇ? ಕೇಳುವ ಧೈರ್ಯವಾಗಲಿಲ್ಲ. ನನ್ನ ಧೈರ್ಯದ ವಿಷಯ ಆಗಲೇ ಹೇಳಿದ್ದೇನೆ.

ಅಮ್ಮ ಅಟ್ಟದಿಂದ ಮರದ ಹುಡಿಯ ಒಲೆ ಇಳಿಸಿದರು. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹುಡಿ ತುಂಬಿಸಿ, ಒತ್ತಿ ಒತ್ತಿ ಗಟ್ಟಿ ಮಾಡಿ ಬಾಟಲಿಯನ್ನು ಮೆಲ್ಲಗೆ ತೆಗೆಯಬೇಕು. ಉಳಿದ ತೂತಿನಲ್ಲಿ ಬೆಂಕಿ ಗಂಟೆಗಟ್ಟಲೆ ಉರಿಯುತ್ತದೆ. ನಮ್ಮಂಥ ಮರ್ಯಾದಸ್ಥರ ಮನೆಗೆ ಬಿಯರ್ ಬಾಟಲಿ ಬರುತ್ತಿದ್ದದ್ದು ಈ ಕೆಲಸಕ್ಕೆ ಮಾತ್ರ. ಅಮ್ಮನಿಗೆ ಕೈಗಂಟು ನೋವು, ಹಾಗಾಗಿ ತುಂಬಿಸುವ ಕೆಲಸ ನನ್ನದಾಯಿತು. ಮರದ ಮಿಲ್ಲಿನಿಂದ ಹುಡಿಯ ಗೋಣಿ ಹೊತ್ತು ಬರುವಾಗ ಒಬ್ಬ ವಿದ್ಯಾರ್ಥಿ ಎದುರಾಗಿ, “ಸರ್, ಪ್ರಾಕ್ಟಿಕಲ್ಸಿಗಾ?” ಎಂದು ಕೇಳಿದ. ಹೌದು ಎಂದೆ.

ದಿನಾ ಸಂಜೆ ಚಹಾ ಕುಡಿದು ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂರುತ್ತಿದ್ದೆ. ಹೊಸ್ತಿಲಿನಿಂದ ಸುಮತಿಯ ಪಾಠ ಶುರುವಾಗುತ್ತಿತ್ತು.

“ಎಂತ ಮಾರಾಯ್ರೆ, ಗುದ್ದುದಾ? ಒತ್ತಿ!”

“ಒತ್ತಿದೆ.”

“ಎಳೀಬೇಡಿ, ತಿರುಗಿಸಿ ತೆಗೀರಿ.”

ಅಷ್ಟರಲ್ಲಿ ಎಳೆದಾಗಿರುತ್ತಿತ್ತು. ಹುಡಿ ಕುಸಿಯುತ್ತಿತ್ತು. “ಎಮ್ಮೆಸ್ಸಿ ಸಾಕಾಗುದಿಲ್ಲ ಮಗಾ, ಇದಕ್ಕೆ ಬೇರೆ ಪರೀಕ್ಷೆ ಉಂಟು,” ಎನ್ನುತ್ತಿದ್ದರು ಅಮ್ಮ. ಆದರೆ ಆ ಅರ್ಧ ಗಂಟೆ ನನ್ನ ತಲೆಯೊಳಗೆ ಯಾವ ಸೆರಗೂ ಹೊತ್ತುತ್ತಿರಲಿಲ್ಲ. ಕುಸಿದರೆ ಮತ್ತೆ ತುಂಬಿಸಬಹುದು ಎನ್ನುವುದೇ ದೊಡ್ಡ ಸಮಾಧಾನವಾಗಿತ್ತು.

ಮೂರನೆಯ ವಾರದ ಶನಿವಾರ ಒಂದೇ ಸಂಜೆಗೆ ಮೂರು ಸಲ ಕುಸಿಯಿತು. “ಆಚೆ ಸರೀರಿ ಮಾರಾಯ್ರೆ!” ಎಂದು ಸುಮತಿ ಬಂದು ಒಲೆಯ ಮುಂದೆ ಕೂತೇಬಿಟ್ಟಳು. ಹುಡಿ ಒತ್ತಿ, ಬಾಟಲಿ ತಿರುಗಿಸಿ ತೆಗೆದಳು. ದುಂಡಗಿನ ತೂತು. ಆಮೇಲೆಯೇ ತಾನು ಎಲ್ಲಿ ಕೂತಿದ್ದೇನೆಂದು ಅವಳಿಗೆ ತಿಳಿದದ್ದು. ಬೆಂಕಿಪೆಟ್ಟಿಗೆಯನ್ನು ನನ್ನ ಕಡೆ ದೂಡಿದಳು. ಕಡ್ಡಿ ಗೀರಿದೆ. ನನ್ನ ಕೈ ತೂತಿನ ತನಕ ಹೋಗದ್ದನ್ನು ಕಂಡು ಮಣಿಕಟ್ಟು ಹಿಡಿದುಕೊಂಡಳು.

“ಆ ದಿನ ಕಂಬದ ಹಾಗೆ ನಿಂತಿದ್ರಿ ಅಲ್ವಾ?”

“ನೋಡಿದ್ಯಾ?”

“ನೋಡದೆ ಎಂತ? ಬಾಯಿ ತುಂಬ ನೊರೆ! ನಿಮಗೇ ಎಂತದೋ ಆಯ್ತು ಅಂತ ನನಗೆ ಹೆದರಿಕೆ ಆದದ್ದು.”

ಸೆರಗಿಗೆ ಬೆಂಕಿ ಹಿಡಿದವಳು ಹೆದರಿದ್ದು ನನಗಾಗಿ! ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ನಕ್ಕಳು, ನಾನೂ ನಕ್ಕೆ.

ಆ ರಾತ್ರಿ ಯಾರೂ ಮೂಸಲು ಏಳಲಿಲ್ಲ. ಭಾನುವಾರ ಎಂಟು ಗಂಟೆಗೆ ಅಮ್ಮ ಬಾಗಿಲು ಬಡಿದು, “ಮನೆಗೆ ಬೆಂಕಿ ಬಿದ್ದಿದ್ರೂ ನೀವು ಏಳ್ತಿರಲಿಲ್ಲ!” ಎಂದು ಬೈದರು. ನಿಜ, ಬಿದ್ದಿದ್ದರೆ ನಾನು ಖಂಡಿತ ಅಲ್ಲಾಡುತ್ತಿರಲಿಲ್ಲ. ಆದರೆ ಈ ಸಲ ಅದಕ್ಕೊಂದು ಕಾರಣವಾದರೂ ಇರುತ್ತಿತ್ತು.