ಮಾವನ ಕಾರಿನ ಸಿಳ್ಳು

ಹಲ್ಲಪ್ಪನ ರಜೆಯ ದಿನ ಹಾಳಾದದ್ದು ಒಂದು ಸಿಳ್ಳಿನಿಂದ.

ಹಲ್ಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ತಯಾರಿಸುವುದು ಅವನ ಕೆಲಸ. ಅದಕ್ಕೇ ಬೀದಿಯವರು ಹಾಗೆ ಕರೆಯುತ್ತಿದ್ದರು, ಅವನೂ ಬೇಜಾರಿಲ್ಲದೆ ಓಗೊಡುತ್ತಿದ್ದ. ಅವನ ಬದುಕಿನಲ್ಲಿ ಜಂಭ ಪಡುವಂಥದ್ದು ಇದ್ದದ್ದು ಒಂದೇ, ಮಾವನ ಹಳೆಯ ಟರ್ಬೊ ಕಾರು.

ಆ ಕಾರಿನ ಮೇಲೆ ಮಾವನಿಗೆ ಪ್ರಾಣ. ಆದರೂ ಎರಡು ವರ್ಷದ ಹಿಂದೆ ಒಂದು ದಿನ ಇದ್ದಕ್ಕಿದ್ದಂತೆ, "ಎಂಜಿನ್ ದನಿ ಕೇಳಿ ಗೇರ್ ಹಾಕ್ಬೇಕು. ಇದು ಈಗೀಗ ಬಾಯೇ ಬಿಡಲ್ಲ, ಯಾವಾಗ ಗೇರ್ ಹಾಕೋದು?" ಎಂದು ಸಿಡುಕಿ ಓಡಿಸುವುದನ್ನೇ ಬಿಟ್ಟಿದ್ದರು. ಕೀಲಿಕೈ ಹಲ್ಲಪ್ಪನ ಕೈಗೆ ಬಂದಿತ್ತು. ಕಾಗದಪತ್ರ ಮಾತ್ರ ಇನ್ನೂ ಮಾವನ ಹೆಸರಿನಲ್ಲೇ ಇತ್ತು. ಇನ್ನೊಬ್ಬ ಅಳಿಯ, ಅಂದರೆ ಹಲ್ಲಪ್ಪನ ಷಡ್ಡಕ, ಆ ಕಾರಿನ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದ.

ಅಂದು ಬೆಳಿಗ್ಗೆ ವಾಕಿಂಗ್ ಮುಗಿಸಿದ ಮಾವನನ್ನು ಹಲ್ಲಪ್ಪ ಪಾರ್ಕಿನಿಂದ ಕರೆದುಕೊಂಡು ಹೊರಟಿದ್ದ. ಮಾವ ಕಿವಿ ಮುಚ್ಚುವಂಥ ಉಣ್ಣೆ ಟೋಪಿ ಹಾಕಿಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದರು. ಹೋದ ವಾರ ವಾಕಿಂಗ್ ಶುರುಮಾಡಿದ ಮೇಲೆ ಅವರ ಕಿವಿ ಬಹಳ ಚುರುಕಾಗಿದೆಯೆಂದು ಮನೆಮಂದಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಆಸ್ಪತ್ರೆ ರಸ್ತೆಯ ಏರಿನಲ್ಲಿ ಹಲ್ಲಪ್ಪ ಆಕ್ಸಿಲರೇಟರ್ ಒತ್ತಿದ.

"ಕ್ವೀಂಂಂ" ಎಂದಿತು ಕಾರು.

"ಏನದು?" ಎಂದರು ಮಾವ.

"ಗೊತ್ತಾಗ್ಲಿಲ್ಲ ಮಾವ."

"ಇನ್ನೊಂದ್ಸಲ ಒತ್ತಿ."

ಒತ್ತಿದ. ಮತ್ತೆ ಅದೇ ಸಿಳ್ಳು, ಸೂಜಿಯಷ್ಟು ಚೂಪು. ಕಾಲು ತೆಗೆದರೆ ನಿಂತುಹೋಗುತ್ತಿತ್ತು. ಮಾವ ತಮ್ಮ ಮನೆಯ ಮುಂದೆ ಇಳಿದರು. ಇಳಿದ ಮೇಲೆ ಕಿಟಕಿಯಲ್ಲಿ ಬಗ್ಗಿ ಹೇಳಿದರು.

"ನೋಡಿ, ನನ್ನ ಕಾಲದಲ್ಲಿ ಇದು ಹೀಗೆ ಕಿರುಚಿದ್ದೇ ಇಲ್ಲ. ಸಂಜೆ ನಾನೇ ನಿಮ್ಮನೇಗೆ ಬಂದು ಕೂತು ನೋಡ್ತೀನಿ. ಆಗ್ಲೂ ಸಿಳ್ಳಿದ್ರೆ ಕೀಲಿಕೈ ನಿಮ್ಮ ಷಡ್ಡಕರಿಗೆ ಹೋಗತ್ತೆ. ಅವರು ಆಗ್ಲೇ ಜಾಗ ಗುಡಿಸಿ ಇಟ್ಟಿದಾರಂತೆ."

ಹಲ್ಲಪ್ಪ ಹೆದರಿದ. ಆದರೆ ಅವನದು ಮೂಲತಃ ಕುತೂಹಲದ ಜೀವ. ಅಷ್ಟು ಸಣ್ಣ ಸದ್ದು ಅಷ್ಟು ದೊಡ್ಡ ಕಾರಿನ ಯಾವ ಸಂದಿಯಿಂದ ಬರುತ್ತದೆ ಎಂಬ ಪ್ರಶ್ನೆ ಹೆದರಿಕೆಗಿಂತ ಹೆಚ್ಚಾಗಿ ಅವನನ್ನು ಕೊರೆಯತೊಡಗಿತು. ಸೀದಾ ಮತ್ತೆ ಅದೇ ಏರಿಗೆ ಹೋಗಿ ಒಬ್ಬನೇ ಹತ್ತಿಸಿದ. ಸಿಳ್ಳಿಲ್ಲ. ಇಳಿದು ಮತ್ತೆ ಹತ್ತಿದ. ಇಲ್ಲ. ಹೀಗೇ ಹತ್ತಿ ಇಳಿಯುವುದನ್ನು ನೋಡಿ ನೋಡಿ ಏರಿನ ಪೆಟ್ಟಿಗೆ ಅಂಗಡಿಯವನು, "ಏನ್ ಸಾರ್, ಏನಾದ್ರೂ ಬಿದ್ದೋಯ್ತಾ?" ಎಂದು ವಿಚಾರಿಸಿದ.

"ಒಂದು ಸಿಳ್ಳು," ಎಂದ ಹಲ್ಲಪ್ಪ. ಅಂಗಡಿಯವನು ತನ್ನ ಗಿರಾಕಿಯ ಕಡೆ ತಿರುಗಿದ.

ಮನೆಗೆ ಬಂದು ಬಾನೆಟ್ ಎತ್ತಿದ್ದೇ ತಡ, ಎದುರುಮನೆಯ ಪ್ಲಂಬರ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹಾಜರಾದ. ಎತ್ತಿದ ಬಾನೆಟ್ ಕಂಡರೆ ಸುಮ್ಮನಿರಲು ಆ ಬೀದಿಯಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಹಲ್ಲಪ್ಪ ವಿಷಯವನ್ನೆಲ್ಲ ಹೇಳಿದ.

"ಒಬ್ರೇ ಇದ್ರೆ ಬರಲ್ಲ, ಇಬ್ರಿದ್ರೆ ಬರತ್ತೆ. ಅಂದ್ರೆ ಭಾರ ಬಿದ್ದಾಗ ಮಾತ್ರ," ಎಂದು ಪ್ಲಂಬರ್ ತೀರ್ಮಾನ ಕೊಟ್ಟು, ಬಾಯಿ ಮುಕ್ಕಳಿಸಿ ಬಂದು, ತನ್ನ ಸ್ಪ್ಯಾನರ್, ಇಕ್ಕಳದ ಚೀಲದೊಂದಿಗೆ ಮಾವನ ಜಾಗದಲ್ಲಿ ಕೂತ. ಕೂತವನು ಸದ್ದು ಕೇಳಲೆಂದು ತಲೆಯನ್ನು ಡ್ಯಾಶ್‌ಬೋರ್ಡಿಗೆ ಆನಿಸಿಯೇ ಇದ್ದ. ಏರು ಹತ್ತುವಾಗ ಹಳೆಯ ಟರ್ಬೊಗಳಿಗೆ ಸಹಜವಾದ ಒಂದು ಮೆಲ್ಲನೆಯ ಸುಯ್‌ಗುಟ್ಟುವಿಕೆ ಕೇಳಿಸಿತು, ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆ ಮಾಡುತ್ತಿರುವ ಹಾಗೆ.

"ಸಿಕ್ತು," ಎಂದ ಪ್ಲಂಬರ್.

"ಇದಲ್ಲ ಕಣಯ್ಯ. ಅದು ಇದಕ್ಕಿಂತ ಚೂಪಾಗಿತ್ತು."

"ಇದೇ ಸಂಜೆ ಹೊತ್ತಿಗೆ ಚೂಪಾಗತ್ತೆ ಸ್ವಾಮಿ. ಎಲ್ಲೋ ಸೋರ್ತಿದೆ. ಗಾಳಿಯಾದ್ರೇನು, ನೀರಾದ್ರೇನು, ಎರಡೂ ಪೈಪಲ್ಲೇ ತಾನೆ ಹೋಗೋದು?"

ಹಲ್ಲಪ್ಪ ಕಾರನ್ನು ಮನೆಗೆ ತಿರುಗಿಸಿದ. ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪುಗಳನ್ನೆಲ್ಲ ಪ್ಲಂಬರ್ ಬಿಚ್ಚಿ, ಬಿಳಿ ಟೇಪು ಸುತ್ತಿ, ಮತ್ತೆ ಬಿಗಿದ. ಹಲ್ಲಪ್ಪನೂ ಕೈಕಟ್ಟಿ ನಿಲ್ಲದೆ, ಬಾಯಿಯ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಮೇಣವನ್ನು ಒಳಗಿನಿಂದ ತಂದು ಸಂದುಸಂದಿಗೂ ಮೆತ್ತಿದ. ಎಂಜಿನ್ ಒಸಡು ಬಿಟ್ಟು ನಗುತ್ತಿರುವಂತೆ ಕಾಣತೊಡಗಿತು.

ಹೆಂಡತಿ ಬಾಗಿಲಿಗೆ ಬಂದು ನೋಡಿದಳು. "ರೀ, ಕಾರಿಗೂ ಹಲ್ಲು ಕಟ್ತಿದೀರಾ?"

"ಸಂಜೆ ನಿಮ್ಮಪ್ಪ ಬರ್ತಾರೆ. ಕಾರು ಉಳಿಸ್ಕೋಬೇಕೋ ಬೇಡ್ವೋ?"

"ಉಳಿಸ್ಕೊಳ್ಳಿ. ನನ್ನ ತಂಗಿ ಆ ಕಾರಲ್ಲಿ ಬಂದು ನಮ್ಮನೆ ಮುಂದೆ ಹಾರನ್ ಹೊಡೆಯೋದನ್ನ ನಾನಂತೂ ನೋಡಲಾರೆ," ಎಂದು ಒಳಗೆ ಹೋದಳು. ಹಲ್ಲಪ್ಪ ಇನ್ನೊಂದು ಉಂಡೆ ಮೇಣ ಮೆತ್ತಿದ.

ಅಷ್ಟರಲ್ಲಿ ಜಿಮ್ ಮಾಸ್ತರ ಬಂದ. ಮೂಲೆಮನೆಯವನು. ಬೆಳಗಿನ ಪಾಳಿ ಮುಗಿಸಿ ಬರುವಾಗ ಯಾರಿಗಾದರೂ ಏನಾದರೂ ಕಲಿಸದೆ ಮನೆ ಸೇರಿದವನಲ್ಲ. ಟೇಪು, ಮೇಣ ಎಲ್ಲವನ್ನೂ ನೋಡಿ ತಲೆಯ ಮೇಲೆ ಕೈಹೊತ್ತ.

"ಏನ್ ಸಾರ್ ಇದು, ಕತ್ತು ಹಿಸುಕಿ ಇಟ್ಟಿದೀರಲ್ಲ. ಅದಕ್ಕೆ ಉಸಿರು ಸಾಲದೆ ಸಿಳ್ಳು ಹಾಕಿರೋದು. ಮೂಗು ಕಟ್ಟಿದಾಗ ನಮಗೂ ಬರಲ್ವಾ?"

ಇದೂ ಸರಿಯೆಂದೇ ಹಲ್ಲಪ್ಪನಿಗೆ ತೋರಿತು. ಯಾರು ಏನು ಹೇಳಿದರೂ ಒಮ್ಮೆ ಮಾಡಿ ನೋಡೋಣವೆನ್ನಿಸುವುದು ಅವನ ದೊಡ್ಡ ದೌರ್ಬಲ್ಯ. ಜಿಮ್ ಮಾಸ್ತರ ಏರ್ ಫಿಲ್ಟರಿನ ಕಪ್ಪು ಡಬ್ಬಿಯನ್ನೇ ಬಿಚ್ಚಿ ತೆಗೆದು, ತನ್ನ ಹಳೆಯ ಕಾರಿನಿಂದ ಉಳಿದಿದ್ದ ಅಣಬೆಯಂಥ ಒಂದು ತೆರೆದ ಫಿಲ್ಟರನ್ನು ಆ ಜಾಗಕ್ಕೆ ಸಿಕ್ಕಿಸಿದ. ಆಮೇಲೆ ಸುಸ್ತಾಯಿತೆಂದು ಹಿಂದೆ ನೋಡದೆ ಕೂತುಬಿಟ್ಟ. ಕೂತದ್ದು ಆ ಕಪ್ಪು ಡಬ್ಬಿಯ ಮೇಲೆ. ಅದು ಪಟ್ಟೆಂದು ಎರಡಾಯಿತು.

"ಹೋಗ್ಲಿ ಬಿಡಿ ಸಾರ್, ಇನ್ನು ಅದು ಬೇಕಾಗಲ್ಲ," ಎಂದ ಜಿಮ್ ಮಾಸ್ತರ.

ಹಲ್ಲಪ್ಪ ಕಾರು ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದ. ಡಬ್ಬಿಯೊಳಗೆ ಇಷ್ಟು ವರ್ಷ ಅಡಗಿದ್ದ ಸದ್ದೆಲ್ಲ ಒಟ್ಟಿಗೆ ಹೊರಗೆ ಬಂತು. "ಹೂಂಂಂಂ" ಎಂದು ಗಾಳಿ ಎಳೆದುಕೊಂಡ ಕಾರು, ಕಾಲು ತೆಗೆದ ಕೂಡಲೇ "ಪ್ಶೂಊ" ಎಂದು ಸೀನಿತು. ಬೀದಿನಾಯಿಗಳು ಗೋಡೆ ಹಾರಿದವು. ಮೇಲಿನ ಮನೆಯ ತೊಟ್ಟಿಲ ಮಗು ಅಳತೊಡಗಿತು. ಪ್ಲಂಬರ್ ತನ್ನ ಚೀಲ ಬಿಟ್ಟು ಮನೆಯತ್ತ ಓಡಿದವನು, ತಾನು ಓಡಿದ್ದು ನೀರಿನ ಮೋಟಾರ್ ಆರಿಸುವುದಕ್ಕೆ ಎಂದು ಆಮೇಲೆ ಹೇಳಿದ.

"ಸಿಳ್ಳು ಕೇಳಿಸ್ತಾ?" ಎಂದ ಜಿಮ್ ಮಾಸ್ತರ ಹೆಮ್ಮೆಯಿಂದ.

"ಇದ್ರಲ್ಲಿ ಇನ್ನೇನು ಕೇಳಿಸತ್ತೆ?" ಎಂದ ಹಲ್ಲಪ್ಪ. ಡಬ್ಬಿಯ ಎರಡು ಹೋಳುಗಳನ್ನು ಸೆಟ್ಟು ಅಂಟಿಸುವ ಅಂಟಿನಿಂದ ಮಧ್ಯಾಹ್ನವೆಲ್ಲ ಅಂಟಿಸಿ ನೋಡಿದ. ಮುರಿದ ದವಡೆ ಕೂಡಿಸುವ ಅವನ ಕೈಚಳಕ ಅಲ್ಲಿ ನಡೆಯಲಿಲ್ಲ. ಕಾರು ಕೈಬಿಟ್ಟಂತೆಯೇ ಎಂದು ಅವನಿಗೆ ಅಳುವೇ ಬಂತು.

ಸಂಜೆ ಮಾವ ಬಂದರು, ಅದೇ ಟೋಪಿ. ಬಾನೆಟ್ ಎತ್ತಿ ತೋರಿಸೆನ್ನಲಿಲ್ಲ, ಸುಮ್ಮನೆ ಕೂತು, "ನಡೀರಿ," ಎಂದರು. ಕಾರು ಹೂಂಕರಿಸಿ, ಸೀನಿ, ಬೀದಿ ದಾಟಿತು. ಹಲ್ಲಪ್ಪ ಮಾವನ ಮುಖ ನೋಡುವ ಧೈರ್ಯವಿಲ್ಲದೆ ಏರಿನ ಕಡೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದ.

ಹೂಂಕಾರದ ನಡುವೆಯೂ ಸೂಜಿಯಂತೆ ತೂರಿ ಬಂತು, "ಕ್ವೀಂಂಂ."

"ಅಲ್ಲೇ ಇದೆ," ಎಂದರು ಮಾವ.

ಹಲ್ಲಪ್ಪ ಕಾರನ್ನು ಬದಿಗೆ ಹಾಕಿದ. ಇನ್ನು ಕಳೆದುಕೊಳ್ಳುವುದು ಏನೂ ಇರಲಿಲ್ಲವಾದ್ದರಿಂದ ಹೆದರಿಕೆಯೂ ಹೋಗಿ, ಬರೀ ಕುತೂಹಲ ಉಳಿದಿತ್ತು. ಸಿಳ್ಳು ಬಂದದ್ದು ಮುಂದಿನಿಂದಲ್ಲ, ತನ್ನ ಪಕ್ಕದಿಂದ.

"ಮಾವ, ಸ್ವಲ್ಪ ಮುಂದಕ್ಕೆ ಬಗ್ಗಿ. ಈಗ ತಲೇನ ಸೀಟಿಗೆ ಒತ್ತಿ."

"ಯಾಕೆ?"

"ಸುಮ್ನೆ, ಒಂದ್ಸಲ."

ಕಾರು ನಿಂತೇ ಇತ್ತು. ಮಾವನ ತಲೆ ಸೀಟಿನ ದಿಂಬಿಗೆ ಒತ್ತಿದ್ದೇ ತಡ, "ಕ್ವೀಂಂಂ." ತೆಗೆದರೆ ಮೌನ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಮಾವನ ತಲೆ ಹಿಂದಕ್ಕೆ ಒತ್ತುತ್ತಿದ್ದದ್ದು ಹಲ್ಲಪ್ಪನಿಗೆ ಆಗ ಹೊಳೆಯಿತು. ಟೋಪಿಯ ಅಂಚಿನಲ್ಲಿ ಚರ್ಮದ ಬಣ್ಣದ ಒಂದು ಪುಟ್ಟ ಯಂತ್ರ ಇಣುಕುತ್ತಿತ್ತು.

"ಮಾವ, ಇದು... ಕಿವಿ ಮಷೀನಾ?"

ಮಾವನ ಮುಖ ಕೆಂಪಾಯಿತು. "ನಿಮ್ಮತ್ತೆಗೆ ಹೇಳ್ಬೇಡಿ. ವಾಕಿಂಗಿಂದ ಕಿವಿ ಸರಿಹೋಯ್ತು ಅಂತ ಹೇಳಿಬಿಟ್ಟಿದೀನಿ," ಎಂದು ಯಂತ್ರವನ್ನು ಕಿತ್ತು ಹಲ್ಲಪ್ಪನ ಅಂಗೈಗಿಟ್ಟರು. "ಇಟ್ಕೊಳ್ಳಿ. ತಟ್ಟೆ, ಲೋಟ, ಹಾರನ್ನು, ಎಲ್ಲಾನೂ ತಲೆಗೆ ತುಂಬತ್ತೆ, ಬೇಕಾದ್ದು ಮಾತ್ರ ಕೇಳ್ಸಲ್ಲ. ಎಲ್ಲಿ, ಈಗ ಒತ್ತಿ ನೋಡೋಣ."

ಹಲ್ಲಪ್ಪ ಒತ್ತಿದ. ಸಿಳ್ಳಿಲ್ಲ. ಕಾರು ಉಳಿಯಿತೆಂದು ಅವನ ಮನಸ್ಸು ಕುಣಿಯಿತು. ಆದರೆ ಮಾವ ಕಣ್ಣು ಮುಚ್ಚಿ, ತಲೆ ಆಡಿಸುತ್ತ, "ಇನ್ನೊಂದ್ಸಲ," ಎಂದರು.

ಹೂಂಂಂ. ಪ್ಶೂಊ.

ಮಾವ ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು.

"ಕೇಳಿಸ್ತಿದೆ," ಎಂದರು. "ಮಷೀನಿಲ್ದೇನೇ ಎಂಜಿನ್ ಕೇಳಿಸ್ತಿದೆ. ಕೆಟ್ಟಿದ್ದು ಅದರ ಬಾಯಲ್ಲ, ನನ್ನ ಕಿವಿ. ನೀವು ಸರಿಮಾಡಿದ್ದಕ್ಕೆ ನಾನೇನು ಹೇಳ್ಲಿ. ಇಳೀರಿ, ಈ ಕಡೆ ಬನ್ನಿ. ಇವತ್ತಿಂದ ನಾನೇ ಓಡಿಸ್ತೀನಿ."

ಹಲ್ಲಪ್ಪ ಇಳಿದ. ಮಾವ ಒಳಗಿಂದೊಳಗೇ ಚಾಲಕನ ಸೀಟಿಗೆ ಸರಿದು ಬಾಗಿಲು ಎಳೆದುಕೊಂಡರು. ಅವನು ಹಿಂದಿನಿಂದ ಸುತ್ತಿ ಆ ಕಡೆಗೆ ಬರುವಷ್ಟರಲ್ಲಿ ಕಾರು ಹೂಂ ಎಂದು ಹೊರಟೇಬಿಟ್ಟಿತು.

"ಮಾವಾ, ನಿಲ್ಸಿ, ನಾನಿನ್ನೂ ಹತ್ತಿಲ್ಲ," ಎಂದು ಅವನು ಕೂಗಿಕೊಂಡು ಓಡಿದ. ಕೇಳಿಸಿಕೊಳ್ಳಬೇಕಾದ ಕಿವಿ ಅವನ ಮುಷ್ಟಿಯಲ್ಲೇ ಇತ್ತು. ಏರಿನ ತುದಿಯಲ್ಲಿ ಕಾರು ಸರಿಯಾದ ಗೇರಿಗೆ ಬಿದ್ದು ಸುಖವಾಗಿ ಸೀನಿದ್ದು ಕೇಳಿಸಿತು.

ಮನೆಯ ಮುಂದೆ ಹೆಂಡತಿ, ಪ್ಲಂಬರ್, ಜಿಮ್ ಮಾಸ್ತರ ಮೂವರೂ ಕಾಯುತ್ತಿದ್ದರು. ಮೊದಲು ಕೇಳಿಸಿದ್ದು, "ಕ್ವೀಂಂಂ." ಮೂವರೂ ಕಾರಿಗಾಗಿ ಬೀದಿಯ ಆಚೆ ನೋಡಿದರು. ಬಂದದ್ದು ಮುಷ್ಟಿ ಬಿಗಿದುಕೊಂಡ ಹಲ್ಲಪ್ಪ, ನಡೆದುಕೊಂಡು.

"ಕಾರೆಲ್ರೀ?" ಎಂದಳು ಹೆಂಡತಿ.

"ನಿಮ್ಮಪ್ಪನ ಹತ್ರ. ಅವರೇ ಇಟ್ಕೊಂಡ್ರು."

"ಹಾಗಾದ್ರೆ ಈ ಸಿಳ್ಳು?"

ಅತ್ತೆಗೆ ಹೇಳಬೇಡಿ ಎಂದ ಮಾವನ ಮಾತು ನೆನಪಾಗಿ ಹಲ್ಲಪ್ಪ ಮುಷ್ಟಿಯನ್ನು ಇನ್ನಷ್ಟು ಬಿಗಿದ. ಸಿಳ್ಳು ಜೋರಾಯಿತು. ಪ್ಲಂಬರ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಚೀಲದಿಂದ ಟೇಪು ತೆಗೆದ.

"ಹಾಗೇ ನಿಂತಿರಿ ಸ್ವಾಮಿ, ಎಲ್ಲಿ ಸೋರ್ತಿದೆ ನೋಡ್ತೀನಿ," ಎಂದ.