ಎಮ್ಮೆ ಹಾಲಿನಲ್ಲಿ ಅದ್ದಿದ ಮಾಂಬಲಂ

ಕೈಯಿಂದ ಏನನ್ನೂ ಮಾಡಲು ಬಾರದವರಲ್ಲಿ ಎರಡು ಬಗೆ. ಬಾರದು ಎಂದು ತಿಳಿದು ತೆಪ್ಪಗಿರುವವರು ಒಂದು ಬಗೆ. ಬಾರದಿದ್ದರೂ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು, ಮಾಡುವವರ ಬೆನ್ನ ಹಿಂದೆ ನಿಂತು ಸಲಹೆ ಕೊಡುವವರು ಇನ್ನೊಂದು ಬಗೆ. ಬಟ್ಟೆಯ ವಿಷಯದಲ್ಲಿ ನಾನು ಈ ಎರಡನೆಯ ಬಗೆಯವನು. ಮದರಾಸಿನ ಜಾರ್ಜ್ ಟೌನಿನಲ್ಲಿ ಕೈಮಗ್ಗದ ಬಟ್ಟೆಯನ್ನು ಹೊರದೇಶಕ್ಕೆ ಕಳಿಸುವ ಒಂದು ಕಚೇರಿಯಲ್ಲಿ ಟೈಪಿಸ್ಟು. ಬೆಳಗಿನಿಂದ ಸಂಜೆಯವರೆಗೆ ಪಟ್ಟೆ, ಚೌಕುಳಿ, ಅಂಚು, ಸೆರಗು ಎಂದು ಕುಟ್ಟಿ ಕುಟ್ಟಿ, ಒಂದು ದಿನ ಇದೆಲ್ಲ ಏನೆಂದು ನೋಡೋಣ ಎನ್ನಿಸಿತು. ಗ್ರಂಥಾಲಯದಲ್ಲಿದ್ದ ಪುಸ್ತಕಗಳನ್ನು ಮನೆಗೆ ಹೊತ್ತು ತಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಒಂದು ಟವೆಲ್ಲಿನಿಂದ ನೆಮ್ಮದಿಯಾಗಿ ಮೈ ಒರೆಸಿಕೊಂಡಿಲ್ಲ. ಅದರ ಎಳೆ, ನೇಯ್ಗೆ, ಬಣ್ಣದ ಚರಿತ್ರೆಯನ್ನು ನಾನು ಬಚ್ಚಲ ಬಾಗಿಲಲ್ಲೇ ನಿಂತು ಹೇಳುತ್ತೇನೆ.

ಆಸಕ್ತಿ ಹುಟ್ಟಲು ಕಾರಣವೂ ಇತ್ತು ಎನ್ನಿ. ನಮ್ಮ ಕಚೇರಿಯಿಂದ ಹೋಗುವ ಒಂದು ಜಾತಿಯ ಚೌಕುಳಿ ಬಟ್ಟೆ ಪ್ರತಿ ಒಗೆತಕ್ಕೂ ಬಣ್ಣ ಬಿಡುತ್ತದೆ. ನಾವಿರುವ ಪಶ್ಚಿಮ ಮಾಂಬಲಂನಲ್ಲಿ ಅದನ್ನು ಮಾರಿದರೆ ಅಂಗಡಿಯವನು ಮಾರನೆಯ ದಿನ ಬಾಗಿಲು ತೆಗೆಯಲಾರ. ಹೊರದೇಶದವರು ಮಾತ್ರ ಬಣ್ಣ ಬಿಡದಿದ್ದರೆ ಇದು ಅಸಲಿ ಮದರಾಸಿನದಲ್ಲ ಎಂದು ದೂರುತ್ತಾರಂತೆ. ಇದನ್ನು ಅಮ್ಮನಿಗೆ ಹೇಳಿದಾಗ, "ಪಾಪ, ಅವ್ರಿಗೆ ಹೇಳೋ ದೊಡ್ಡೋರು ಯಾರೂ ಇಲ್ವೇನೋ" ಎಂದು ಮರುಗಿದಳು.

ನನ್ನ ತಂಗಿ ವಾಸಂತಿಯ ಸಂಗತಿ ಬೇರೆ. ಅವಳು ಊರಿನ ಒಂದು ಕಲಾಶಾಲೆಯಲ್ಲಿ ಬಟ್ಟೆಯ ವಿಭಾಗದ ವಿದ್ಯಾರ್ಥಿನಿ. ನಾನು ಓದಿದ್ದನ್ನು ಅವಳು ಮಾಡುತ್ತಾಳೆ. ನಾನು ಬಿಡುವು ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಆ ಹುಡುಗ ಹುಡುಗಿಯರ ಕೆಲಸ ನೋಡುತ್ತಾ ನಿಲ್ಲುತ್ತಿದ್ದೆ. ಒಬ್ಬಳು ಸಾಸಿವೆ ಕಾಳಿನಷ್ಟು ಸಣ್ಣ ಗಂಟುಗಳನ್ನು ಕಟ್ಟುತ್ತ ಕೂತಿರುತ್ತಾಳೆ. ಕಟ್ಟಿ ಮುಗಿಯುವ ಹೊತ್ತಿಗೆ ಸೀರೆ ಅಂಗೈಯಲ್ಲಿ ಹಿಡಿಯುವ ಉಂಡೆಯಾಗಿರುತ್ತದೆ. ಇನ್ನೊಬ್ಬ ಕಾದ ಮೇಣದ ಮುಂದೆ ಬೆವರು ಒರೆಸಿಕೊಳ್ಳದೆ ಕೂತಿರುತ್ತಾನೆ, ಬೆವರು ಒರೆಸಲು ಕೈಯೆತ್ತಿದರೆ ಗೆರೆ ಮುರಿಯುತ್ತದೆ. ಬಣ್ಣದಿಂದ ತೆಗೆದು ಗಂಟು ಬಿಚ್ಚುವಾಗ ಎಲ್ಲರೂ ತಮ್ಮ ತಮ್ಮ ಕೆಲಸ ಬಿಟ್ಟು ಸುತ್ತ ಸೇರುತ್ತಾರೆ. ಬಟ್ಟೆ ಬಿಚ್ಚಿಕೊಂಡು ಚುಕ್ಕಿಗಳು ಒಂದೊಂದಾಗಿ ಕಾಣಿಸಿಕೊಂಡಾಗ ಯಾರೋ ಮೆಲ್ಲಗೆ "ಪರವಾಯಿಲ್ಲೆ" ಎನ್ನುತ್ತಾರೆ. ಅದು ಅವರಲ್ಲಿ ದೊಡ್ಡ ಬಿರುದು. ನನಗೆ ಟೈಪು ತಪ್ಪಿದರೆ ರಬ್ಬರಿದೆ. ಅವರಿಗೆ ಯಾವುದೂ ಇಲ್ಲ. ಇದ್ದ ತಪ್ಪನ್ನು ಜೊತೆಗಿಟ್ಟುಕೊಂಡೇ ಮುಂದೆ ಹೋಗಬೇಕು. ಉಗುರೆಲ್ಲ ನೀಲಿಯಾದ ಆ ಮಕ್ಕಳನ್ನು ಕಂಡರೆ ನನಗೆ ನಿಜವಾಗಿಯೂ ಗೌರವ.

ಆ ವರ್ಷ ವಾಸಂತಿ ಹಮ್ಮಿಕೊಂಡದ್ದು ಬಿದಿರು ಕಡ್ಡಿಯ ಲೇಖನಿಯಿಂದ ಬಟ್ಟೆಯ ಮೇಲೆ ಬರೆಯುವ ಕೆಲಸ. ಅಂಥ ಬಟ್ಟೆಯಲ್ಲಿ ಸಾಮಾನ್ಯವಾಗಿ ದೇವರುಗಳಿರುತ್ತಾರೆ. ಇವಳ ಮೇಷ್ಟ್ರು "ದೇವರನ್ನು ನೀನು ನೋಡಿದೀಯಾ? ನೋಡಿದ್ದನ್ನ ಬರಿ" ಎಂದರಂತೆ. ಇವಳು ಮಾಂಬಲಂ ಸ್ಟೇಷನ್ನನ್ನು ಬರೆಯಲು ಹೊರಟಳು: ರೈಲು, ಮೆಟ್ಟಿಲು, ಬುಟ್ಟಿ ಹಿಡಿದ ಹೆಂಗಸರು, ಕೊಡೆ ಮರೆತು ಓಡಿ ಬರುವ ಗುಮಾಸ್ತ. ಗುಮಾಸ್ತನ ಮೂಗು ನನ್ನದೇ ಎಂದು ಅಮ್ಮ ಹೇಳಿದಳು.

ಈ ಬಟ್ಟೆಯ ಮೇಲೆ ಅವಳ ಓದು ನಿಂತಿತ್ತು. ಹೆಣ್ಣುಮಗಳು ಬಣ್ಣ ಕಲಸಿ ಏನು ಮಾಡುತ್ತಾಳೆ ಎಂಬುದು ಅಪ್ಪನ ಹಳೆಯ ಪ್ರಶ್ನೆ. ಒಂದು ಬೆಳಿಗ್ಗೆ ಕಾಫಿಯ ಲೋಟ ಹಿಡಿದುಕೊಂಡೇ ತೀರ್ಪು ಕೊಟ್ಟರು. "ನೋಡಮ್ಮಾ, ವರ್ಷದ ಕೊನೇ ಎಕ್ಸಿಬಿಷನ್‌ನಲ್ಲಿ ನಿನ್ ಬಟ್ಟೆ ಗೋಡೆ ಮೇಲೆ ಕಂಡ್ರೆ ಕೊನೇ ವರ್ಷಾನೂ ಓದು. ಇಲ್ದಿದ್ರೆ ಸಾಕು. ಟೈಪಿಂಗ್ ಸೇರ್ಕೊ, ನಿಮ್ಮಣ್ಣನ್ ಥರ." ನನ್ನ ವೃತ್ತಿಯನ್ನು ದಂಡನೆಯಾಗಿ ವಿಧಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ವಾಸಂತಿ ಮುಖ ಸಪ್ಪಗೆ ಮಾಡಿಕೊಂಡು "ಸರಿಪ್ಪಾ" ಎಂದಳು. ಅವಳಿಗೆ ಬೇಸರವಾದರೆ ಮಾತು ತಮಿಳಿಗೆ ತಿರುಗುತ್ತದೆ.

ಕೆಲಸದ ಕ್ರಮ ಹೀಗೆ. ಮೊದಲು ಬಟ್ಟೆಯನ್ನು ಅಳಲೆಕಾಯಿಯ ಪುಡಿ ಕಲಸಿದ ಎಮ್ಮೆ ಹಾಲಿನಲ್ಲಿ ಅದ್ದಿ ಒಣಗಿಸಬೇಕು. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ ಶಾಯಿ ಮಾಡಬೇಕು. ಲೇಖನಿಯಿಂದ ಇಳಿಯುವಾಗ ಆ ಶಾಯಿ ತೆಳ್ಳನೆಯ ಚಹಾದಂತಿರುತ್ತದೆ; ಬಟ್ಟೆಗೆ ತಗುಲುತ್ತಿದ್ದಂತೆ ಕಣ್ಣೆದುರೇ ಕಪ್ಪಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಹಳತಾಗಲಿಲ್ಲ. ಶಾಯಿಯ ಮಡಕೆಗೆ ತುಕ್ಕು ಒದಗಿಸುವ ಭಾರವನ್ನು ನಾನೇ ಹೊತ್ತುಕೊಂಡೆ, ಹಿತ್ತಿಲ ಬಾಗಿಲಿನ ಚಿಲಕವನ್ನೂ ಬಿಡಲಿಲ್ಲ. ಹಾಲಿನ ಕೆಲಸವೇನೆಂದರೆ, ಅದರ ಜಿಡ್ಡು ಶಾಯಿಯನ್ನು ಹರಡದಂತೆ ತಡೆಯುತ್ತದೆ.

ಆದರೆ ಹರಡಿತು. ಮೊದಲ ಬಟ್ಟೆಯಲ್ಲಿ ವಾಸಂತಿ ರೈಲಿನ ಮೊದಲ ಗೆರೆ ಎಳೆದದ್ದೇ ತಡ, ಅದು ಎರಡೂ ಕಡೆ ಊದಿಕೊಂಡಿತು. ಕಿಟಕಿಗಳು ಕೂಡಿಕೊಂಡವು. ಚಕ್ರಗಳಿಗೆ ಕೂದಲು ಬಂತು. ನಾನು ತಕ್ಷಣ ಕಾರಣ ವಿವರಿಸಿದೆ: ಸಮುದ್ರದ ಗಾಳಿಯ ತೇವ, ಎಳೆಯ ಹುರಿ, ಅಳಲೆಕಾಯಿಯ ವಯಸ್ಸು. "ಅಣ್ಣಾ, ಸ್ವಲ್ಪ ಸುಮ್ನಿರು. ನಿನ್ ಬುಕ್ ಬರ್ದೋರು ಮಾಂಬಲಂಗೆ ಬಂದಿರ್ಲಿಲ್ಲ" ಎಂದು ವಾಸಂತಿ ಎದ್ದು ಹೋದಳು. ಹೋಗಿ ಬಟ್ಟೆಯ ಚೂರುಗಳನ್ನು ಕತ್ತರಿಸಿದಳು. ಒಂದನ್ನು ನಮ್ಮ ಮನೆಯ ಹಾಲಿನಲ್ಲಿ ಅದ್ದಿದಳು, ಇನ್ನೊಂದನ್ನು ಮಹಡಿಯ ಮೇಲಿನ ತಮಿಳು ಮಾಮಿಯಿಂದ ಒಂದು ಲೋಟ ಹಾಲು ಇಸಿದುಕೊಂಡು ಅದರಲ್ಲಿ. ಒಣಗಿದ ಮೇಲೆ ಎರಡರ ಮೇಲೂ ಗೆರೆ ಎಳೆದಳು. ಮಾಮಿಯ ಚೂರಿನಲ್ಲಿ ಗೆರೆ ಕೂದಲೆಳೆಯಂತೆ ನಿಂತಿತು. ನಮ್ಮದು ಊದಿತು. ನಮ್ಮ ಹಾಲಿನಲ್ಲಿ ನೀರಿದೆ.

ಈ ಸುದ್ದಿ ಓಣಿಗೆ ಹಬ್ಬಲು ಒಂದು ಬೆಳಗು ಸಾಕಾಯಿತು. ಹಾಲನ್ನು ಪರೀಕ್ಷಿಸುವ ಬಟ್ಟೆ ಎಂದರೆ ಯಾರಿಗೆ ಬೇಡ? ಹೆಂಗಸರು ಸೆರಗಿನಡಿ ಲೋಟ ಮುಚ್ಚಿಕೊಂಡು ಬಂದರು. ವಾಸಂತಿ ಬೇಸರಿಸದೆ ಎಲ್ಲರ ಹಾಲಿಗೂ ಒಂದೊಂದು ಚೂರು ಅದ್ದಿ, ಗೆರೆ ಎಳೆದು ಹಗ್ಗಕ್ಕೆ ತೂಗುಹಾಕಿದಳು. ಎಲ್ಲರದ್ದೂ ಚೆನ್ನಾಗಿತ್ತು. ತಮಾಷೆಯೆಂದರೆ ಅವರಿಗೆಲ್ಲ ಹಾಲು ಹಾಕುವವನು ನಮಗೆ ಹಾಕುವ ಮುನುಸಾಮಿಯೇ. ಅಮ್ಮ ಇದರಿಂದ ಒಂದು ತೀರ್ಮಾನಕ್ಕೆ ಬಂದಳು. "ನಾವು ಕನ್ನಡದೋರು ಅಂತ ನಮಗೆ ಮಾತ್ರ ನೀರು ಹಾಕ್ತಾನೆ."

ಮುನುಸಾಮಿ ಕನ್ನಡದ ಮನೆಗಳಿಗೆ ಹಾಲು ಹಾಕಿ ಹಾಕಿ ತನ್ನದೇ ಒಂದು ಕನ್ನಡ ಮಾಡಿಕೊಂಡಿದ್ದ. ಮರುದಿನ ಅವನು ಬಂದಾಗ ಅಮ್ಮ ಹಾಳಾದ ಬಟ್ಟೆಯನ್ನು ಅವನ ಮುಂದೆ ಹರಡಿದಳು.

"ನೋಡು, ಏನಾಗಿದೆ ನೋಡು."

ಮುನುಸಾಮಿ ತಲೆ ವಾಲಿಸಿ ನೋಡಿದ. "ನಲ್ಲಾ ಇದೆಮ್ಮಾ. ಪಾಪು ನಮ್ ಎಮ್ಮೇನ ಬರ್ದಿದೆ."

"ಅದು ರೈಲು."

"ರೈಲಾ?" ಇನ್ನೊಂದು ಕಡೆಯಿಂದ ನೋಡಿದ. "ಕೊಂಬು ಇದೆಯೇಮ್ಮಾ."

"ನೀನು ಹಾಲಿಗೆ ನೀರು ಹಾಕಿದ್ದಕ್ಕೇ ಕೊಂಬು ಬಂದಿರೋದು."

ಅವನ ಮುಖ ಬಿಗಿಯಿತು. "ಎನ್ನಮ್ಮಾ ಹಿಂಗ್ ಹೇಳ್ಬಿಟ್ಟೆ. ನಾಳೆ ಬೆಳಿಗ್ಗೆ ನಾನ್ ವರಮಾಟ್ಟೇನ್. ಎಮ್ಮೆ ಬರುತ್ತೆ. ನೀನೇ ಕೇಳ್ಕೊ."

ಎಮ್ಮೆ ಬಂತು. ಅದರ ಹಿಂದೆ, ಬರುವುದಿಲ್ಲ ಎಂದಿದ್ದ ಮುನುಸಾಮಿಯೂ ಬಂದ. ನಮ್ಮ ಬಾಗಿಲ ಮುಂದೆಯೇ, ಓಣಿಯ ಅರ್ಧ ಜನ ನೋಡುತ್ತಿರುವಾಗ, ಪಾತ್ರೆಯನ್ನು ಬೋರಲು ಮಾಡಿ ಎಲ್ಲರಿಗೂ ತೋರಿಸಿ, ನೊರೆನೊರೆಯಾಗಿ ಹಾಲು ಕರೆದ. ಅಮ್ಮ ಅದನ್ನು ಗಂಭೀರವಾಗಿ ಒಳಗೆ ತೆಗೆದುಕೊಂಡು ಹೋದಳು. ಬಟ್ಟೆಯ ಪಾಲಿನದನ್ನು ವಾಸಂತಿಯ ಬೋಗುಣಿಗೆ ಕೊಟ್ಟಳು. ಅದ್ದಿದ್ದಾಯಿತು, ಒಣಗಿದ್ದಾಯಿತು, ಗೆರೆ ಎಳೆದದ್ದಾಯಿತು. ಊದಿತು.

ವಾಸಂತಿ ಲೇಖನಿ ಕೆಳಗಿಟ್ಟಳು. ಎಕ್ಸಿಬಿಷನ್ ಹತ್ತಿರ ಬಂದಿತ್ತು, ಅವಳ ಕೈಯಲ್ಲಿ ಒಂದು ನೆಟ್ಟಗಿನ ರೈಲು ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡರೂ ಅವಳು ಅಳಲಿಲ್ಲ. ಬೋಗುಣಿಯ ಹಾಲಿಗೆ ಬೆರಳದ್ದಿ ಉಜ್ಜಿ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ಮೆಲ್ಲಗೆ ಕೇಳಿದಳು. "ಅಮ್ಮಾ, ನೀ ಏನಾದ್ರೂ ಸೇರಿಸಿದ್ಯಾ?"

ಅಮ್ಮ ಒಲೆಯ ಕಡೆಗೇ ತಿರುಗಿಕೊಂಡಿದ್ದಳು. "ಒಂದೇ ಒಂದು ಚೊಂಬು."

"ಅಮ್ಮಾ."

"ಇನ್ನೇನ್ ಮಾಡ್ಲೇ. ನಿಮ್ಮಪ್ಪಂಗೆ ಕಾಫಿ ನೀರಾದ್ರೆ ಆಗತ್ಯೇ? ಗಟ್ಟಿ ಹಾಲು ಅವ್ರಿಗೆ ತೆಗೆದಿಟ್ಟು, ಮಿಕ್ಕಿದ್ದಕ್ಕೆ ನೀರು ಬೆರೆಸಿ ಬಟ್ಟೆಗೆ ಕೊಟ್ಟೆ. ಬಟ್ಟೆಗೆ ರುಚಿ ಗೊತ್ತಾಗತ್ತೆ ಅಂತ ನಂಗೇನ್ ಗೊತ್ತು."

ನನ್ನ ಮೂರು ಸಿದ್ಧಾಂತಗಳಲ್ಲಿ ಅಮ್ಮನ ಚೊಂಬು ಎಲ್ಲೂ ಬಂದಿರಲಿಲ್ಲ. ಬಾಗಿಲಲ್ಲಿ ಇನ್ನೂ ನಿಂತಿದ್ದ ಮುನುಸಾಮಿಗೆ ಅಮ್ಮನೇ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು, ಅದು ಅವಳ ದೊಡ್ಡ ಗುಣ. ಸಮಾಧಾನಕ್ಕೆ "ಒಂದು ಲೋಟ ಕಾಫಿ ಕುಡಿದು ಹೋಗಪ್ಪಾ" ಎಂದಳು. ಅವನು ಎಮ್ಮೆಯ ಹಗ್ಗ ಬಿಚ್ಚುತ್ತ "ವೇಂಡಾಮ್ಮಾ. ನಿನ್ ಮನೇಲಿ ನೀರು ಜಾಸ್ತಿ" ಎಂದು ನಡೆದ.

ಹೆಚ್ಚು ಹಾಲು ಕೊಳ್ಳೋಣವೆಂದರೆ ಆ ಎಮ್ಮೆಯ ಹಾಲೆಲ್ಲ ಮೊದಲೇ ಮನೆಮನೆಗೆ ಹಂಚಿಹೋಗಿತ್ತು. ಮಾಧವರಂನಲ್ಲಿರುವ ನಮ್ಮ ನೆಂಟರ ಕಡೆ ಒಳ್ಳೆಯ ಹಾಲು ಸಿಗುತ್ತದೆಂದು ನಾನು ಎರಡು ಬಸ್ಸು ಬದಲಿಸಿ ಹೋಗಿ ತಂದೆ. ಮಾಂಬಲಂ ತಲುಪುವಷ್ಟರಲ್ಲಿ ಅದು ಒಡೆದಿತ್ತು. ಒಡೆದ ಹಾಲನ್ನು ಬಟ್ಟೆಗೆ ಹೇಗೆ ಬಳಸುವುದೆಂದು ಪುಸ್ತಕದಲ್ಲಿ ಹುಡುಕಿದೆ. ಅಮ್ಮ ಅಷ್ಟರಲ್ಲಿ ಅದಕ್ಕೆ ಸಕ್ಕರೆ ಹಾಕಿ ಕೈಯಾಡಿಸಿದ್ದಳು.

ಆ ಸಂಜೆ ಅಪ್ಪ, ಎಲ್ಲವನ್ನೂ ಕೇಳಿಸಿಕೊಂಡಿದ್ದವರು, ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. "ನಾಳೆಯಿಂದ ನಂಗೆ ಕಾಫಿ ಬೇಡ. ಹಾಲು ಬಟ್ಟೆಗೆ ಹೋಗ್ಲಿ." ನಾನು ಹುಟ್ಟಿದಾಗಿನಿಂದ ಅಪ್ಪ ಕಾಫಿ ಇಲ್ಲದೆ ಪೇಪರು ಬಿಡಿಸಿದ್ದನ್ನು ಕಂಡಿರಲಿಲ್ಲ. "ವೇಂಡಾಂಪ್ಪಾ" ಎಂದಳು ವಾಸಂತಿ. "ಗೋಡೆ ಮೇಲೆ ಬರ್ಬೇಕು ಅಂತ ಹೇಳಿದೋನು ನಾನು. ಬರೋದಕ್ಕೆ ಅಡ್ಡ ನಿಂತೋನೂ ನಾನೇ ಆದ್ರೆ ಅದು ಯಾವ ನ್ಯಾಯ" ಎಂದರು. ನನಗೂ ಆವೇಶ ಬಂತು. "ನನಗೂ ಬೇಡ" ಎಂದೆ.

ಆವೇಶ ಮರುದಿನ ಸಂಜೆಯವರೆಗೆ ಇತ್ತು. ಕಚೇರಿ ಬಿಟ್ಟು ರೈಲಿಳಿದವನ ಕಾಲು ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನ ಕಡೆ ತಾನಾಗಿ ತಿರುಗಿತು. ಕಲೆಗಾಗಿ ಬಿಟ್ಟದ್ದು ಮನೆಯ ಹಾಲನ್ನು, ಹೋಟೆಲಿನದ್ದನ್ನಲ್ಲ ಎಂದು ನನಗೆ ನಾನೇ ವಿವರಿಸಿಕೊಂಡೆ. ನಾಲ್ಕೈದು ದಿನ ಹೀಗೆ ಸುಖವಾಗಿ ಕಳೆಯಿತು. ಒಂದು ಸಂಜೆ ಸ್ವಲ್ಪ ತಡವಾಗಿ ಹೋದೆ. ಗಲ್ಲಾದಲ್ಲಿದ್ದ ಭಟ್ಟರು, "ಒಳಗೆ ಹೋಗಿ ಮಾರಾಯ್ರೆ, ನಿಮ್ಮ ತಂದೆಯವರು ಬಂದು ಕೂತಿದ್ದಾರೆ. ದಿನಾ ನೀವು ಹೋದ ಮೇಲೆ ಬರ್ತಿದ್ರು, ಇವತ್ತು ಎಂತ, ಒಟ್ಟಿಗೆ ಆಯ್ತಲ್ಲ" ಎಂದರು.

ಅಪ್ಪ ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಎದುರಿಗೆ ಕೂತೆ. ಅಪ್ಪ ನೊರೆಯನ್ನು ನೋಡುತ್ತ, "ಹಾಲು ಇಲ್ಲಿ ಪರವಾಗಿಲ್ಲ" ಎಂದರು. "ಹೌದಪ್ಪಾ, ಗೆರೆ ನಿಲ್ಲುತ್ತೆ" ಎಂದೆ.

ಮನೆಯಲ್ಲಿ ಗೆರೆ ನಿಂತಿತು. ನೀರು ಕಾಣದ ಹಾಲು ಕುಡಿದ ಬಟ್ಟೆಯ ಮೇಲೆ ವಾಸಂತಿ ಬೆಳಗಿನ ಬೆಳಕಿನಲ್ಲಿ ಕೂತು ಬರೆದಳು. ರೈಲಿನ ಒಂದೊಂದು ಕಂಬಿ, ಬುಟ್ಟಿಯ ಒಂದೊಂದು ಹೆಣಿಗೆ, ಹೂ ಮಾರುವವಳ ಬೆರಳಿನ ಸಂದಿನ ದಾರ. ಲೇಖನಿ ಬಟ್ಟೆ ಮುಟ್ಟುವ ಮುನ್ನ ಅವಳು ಉಸಿರು ಹಿಡಿಯುತ್ತಿದ್ದಳು, ಗೆರೆ ಮುಗಿದ ಮೇಲೆ ಬಿಡುತ್ತಿದ್ದಳು. ನಾನು ಹಿಂದೆ ನಿಂತಿರುತ್ತಿದ್ದೆ. ಹೇಳಲು ಏನೂ ತೋಚುತ್ತಿರಲಿಲ್ಲ, ನನ್ನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ.

ಎಕ್ಸಿಬಿಷನ್ನಿನಲ್ಲಿ ಬಟ್ಟೆ ಗೋಡೆಯ ಮೇಲಿತ್ತು, ಅದೂ ಬಾಗಿಲ ಎದುರಿನ ಗೋಡೆ. ಅಪ್ಪ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ವಾಸಂತಿಯ ಮೇಷ್ಟ್ರು ಬಂದು, ಇಷ್ಟು ಸಣ್ಣ ಗೆರೆ ಹೇಗೆ ಬಂತಮ್ಮಾ ಎಂದು ಕೇಳಿದಾಗ ಅವಳು ನಮ್ಮ ಕಡೆ ಕೈ ತೋರಿಸಿ, "ನಮ್ಮಪ್ಪ, ನಮ್ಮಣ್ಣ ಕಾಫಿ ಬಿಟ್ರು ಸಾರ್" ಎಂದಳು. ಮೇಷ್ಟ್ರು ನಮಗೆ ಕೈ ಮುಗಿದರು. ಅಪ್ಪ ಮತ್ತು ನಾನು ಒಟ್ಟಿಗೆ ಸೀಲಿಂಗಿನ ಫ್ಯಾನನ್ನು ಪರಿಶೀಲಿಸಿದೆವು.

ಮನೆಗೆ ಬಂದು ಅಪ್ಪ, ಕೊನೆಯ ವರ್ಷವನ್ನೂ ಓದಲಿ ಎಂದರು. ವಾಸಂತಿ ಅನುಮಾನಿಸುತ್ತ ಹೇಳಿದಳು, "ಅಪ್ಪಾ, ಕೊನೇ ವರ್ಷದ ಬಟ್ಟೆ ಇದರ ಎರಡರಷ್ಟು. ಹಾಲು ಇನ್ನೂ..."

"ಬಿಡ್ತೀವಿ" ಎಂದೆವು ಅಪ್ಪ ಮತ್ತು ನಾನು, ಅವಳು ಮಾತು ಮುಗಿಸುವ ಮೊದಲೇ.

ಅಮ್ಮ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. "ನಾನೂ ಬಿಟ್ಟಿದ್ದೆ. ಮೇಷ್ಟ್ರಿಗೆ ಯಾರೂ ಹೇಳ್ಲಿಲ್ಲ, ಇರ್ಲಿ. ಮುಂದಿನ ವರ್ಷ ನೀವು ಬಿಡೋವಾಗ ನನ್ನೂ ಜೊತೇಲಿ ಕರ್ಕೊಂಡು ಹೋಗಿ."

ಅಪ್ಪ ಪೇಪರಿನ ಹಿಂದೆ ಹೋದರು. ಏನೂ ಅರ್ಥವಾಗದವನಂತೆ ನಾನೂ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. "ಹೆಂಗಸರಿಗೆ ಅಲ್ಲಿ ಬೇರೆ ರೂಮಿದೆ ಅಮ್ಮಾ," ಎಂದೆ, "ಒಳಗೆ ಹೋದ ತಕ್ಷಣ ಎಡಗಡೆ."