ಗುರುಚರಣನ ಮೆದು ನೀರು

ಚೆನ್ನೈಯ ಪೆರಂಬೂರಿನ ಆ ನಾಲ್ಕು ಮನೆಯ ಕಟ್ಟಡಕ್ಕೆ ಭಾನುವಾರ ಬೆಳಗಾದದ್ದೇ ಚಿಕ್ಕಮ್ಮನ ಕೂಗಿನಿಂದ.

“ಗುರೂ, ಏನೋ ಇದು ಸೋಪು? ಆಗಿನಿಂದ ಉಜ್ತಿದೀನಿ, ಒಂದು ಗುಳ್ಳೆ ಏಳಲಿಲ್ಲ. ಕೂದಲು ಹಲಸಿನಹಣ್ಣು ಬಿಡಿಸಿದ ಕೈ ಥರ ಅಂಟ್ತಿದೆ. ನಾನು ಇವತ್ತೇ ಮೈಸೂರಿಗೆ ಹೊರಟೆ!”

ಗುರುಚರಣ ಬಚ್ಚಲ ಬಾಗಿಲಿಗೆ ಓಡಿದ. ಕೂಸು ನೋಡಿಕೊಳ್ಳಲು ಬಂದ ಚಿಕ್ಕಮ್ಮ ಹೊರಟುಬಿಟ್ಟರೆ ಹೆಂಡತಿ ನಾಳೆ ಕೆಲಸಕ್ಕೆ ಹೋಗುವ ಹಾಗಿಲ್ಲ.

“ಸೋಪಿನ ತಪ್ಪಲ್ಲ ಚಿಕ್ಕಮ್ಮ, ಬೋರ್ ನೀರು ಗಡಸು. ಅದರ ಕ್ಯಾಲ್ಸಿಯಂ ಸೋಪನ್ನ ಹಿಡ್ಕೊಂಡು ಒಡೆದ ಹಾಲಿನ ಥರ ಮಾಡತ್ತೆ.” ಅವನು ಮಣಲಿಯ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್.

“ಡೂಪ್ಲಿಕೇಟ್ ಸೋಪು ಮಾರಾಯ್ರೆ!” ಎಂದು ಎದುರು ಮನೆಯ ವಿನೋದಾ ಬಾಗಿಲಲ್ಲೇ ನಿಂತು ತೀರ್ಪಿತ್ತಳು.

ಚೆನ್ನೈಯಲ್ಲೇ ಹುಟ್ಟಿ ಬೆಳೆದ, ಮೇಲಿನ ಮನೆಯ ವಿಶ್ವನಾಥ ಮೆಟ್ಟಿಲಿಳಿದು ಬಂದ. “ಬಕೆಟ್‌ಗೆ ನಿಂಬೆಹಣ್ಣು ಹಿಂಡಿ ಸಾರ್, ಎಲ್ಲಾಂ ಸರಿಯಾಯಿಡುಂ.”

ಹಿಂಡಿದರು. ಸೋಪಿನ ನೀರು ಮಜ್ಜಿಗೆಯಾಯಿತು.

ಗುರುಚರಣನಿಗೆ ರೋಷ ಬಂತು. ಮಧ್ಯಾಹ್ನದೊಳಗೆ ಪ್ಲಂಬರನನ್ನು ಕರೆಸಿ, ಮಹಡಿಯ ಟ್ಯಾಂಕಿಗೆ ನೀರು ಮೆದುವಾಗಿಸುವ ಯಂತ್ರ ಕೂರಿಸಿಯೇಬಿಟ್ಟ.

ಸಂಜೆ ನಾಲ್ಕೂ ಮನೆಯಲ್ಲಿ ನೊರೆ ಉಕ್ಕಿತು. ಚಿಕ್ಕಮ್ಮ ಒಂದು ಬಚ್ಚಲು ಹೊಕ್ಕಳು. ಗುರುಚರಣ ಹೆಮ್ಮೆಯಿಂದ ಇನ್ನೊಂದನ್ನು ಹೊಕ್ಕು, ನೆತ್ತಿಯಿಂದ ಅಂಗಾಲಿನವರೆಗೆ ಸೋಪು ಬಳಿದುಕೊಂಡ. ಆಗಲೇ ಗದ್ದಲವೆದ್ದಿತು.

“ಗುರೂ, ಸೋಪು ಹೋಗ್ತಾನೇ ಇಲ್ವಲ್ಲೋ! ಹತ್ತು ಬಕೆಟ್ ಸುರ್ಕೊಂಡೆ. ಹೆಚ್ಚಿದ ಬೆಂಡೆಕಾಯಿ ಥರ ಮೈಯೆಲ್ಲ ಲೋಳೆ!”

“ನಮ್ಮಲ್ಲೂ ಹಾಗೇ! ತೊಳೆದು ತೊಳೆದು ಸಾಕಾಯ್ತು!” ಎಂದು ಪಡಸಾಲೆಯಿಂದ ವಿನೋದಾ ಕೂಗಿದಳು.

“ಸೋಪು ಆಗಲೇ ಹೋಗಿದೆ! ಮೆದು ನೀರಲ್ಲಿ ಮೈ ಜಾರೋದೇ ಹಾಗೆ!” ಎಂದು ಗುರುಚರಣ ಬಚ್ಚಲೊಳಗಿಂದಲೇ ಪಾಠ ಹೇಳಿದ. ಯಾರೂ ನಂಬಲಿಲ್ಲ. ತೊಳೆದವರು ಮತ್ತೆ ತೊಳೆದರು. ಕಣ್ಣುರಿ ತಾಳಲಾರದೆ ಅವನು ನಲ್ಲಿ ತಿರುಗಿಸಿದರೆ, ಅದು ಎರಡು ಸಲ ಬಿಕ್ಕಳಿಸಿ ಸುಮ್ಮನಾಯಿತು. ಟ್ಯಾಂಕು ಬರಿದಾಗಿತ್ತು.

“ಚಿಕ್ಕಮ್ಮಾ, ನೀರು!”

ಬಾಗಿಲ ಸಂದಿಯಿಂದ ಒಂದು ಬಕೆಟ್ ಒಳಗೆ ಬಂತು. ಕಣ್ಣು ಮುಚ್ಚಿಕೊಂಡೇ ಸುರಿದುಕೊಂಡ. ನೊರೆಯೆಲ್ಲ ಒಡೆದು, ಕೆನೆಮೊಸರಿನಂತೆ ಮೈತುಂಬ ಮೆತ್ತಿಕೊಂಡಿತು.

“ಕೆಳಗಿನ ಕೈಪಂಪಿಂದ ಬೋರ್ ನೀರು ತಂದ್ವಿ ಕಣೋ. ನಾವೆಲ್ಲ ಅದ್ರಲ್ಲೇ ತೊಳ್ಕೊಂಡ್ವಿ, ಈಗ ಒಂಚೂರೂ ಜಾರಲ್ಲ!” ಚಿಕ್ಕಮ್ಮನ ದನಿಯಲ್ಲಿ ಎಂದೂ ಇಲ್ಲದ ನೆಮ್ಮದಿಯಿತ್ತು. “ಎಂಥಾ ಒಳ್ಳೇ ನೀರಪ್ಪಾ! ನಾಳೆ ಆ ಮಷೀನು ಬಿಚ್ಚಿಸು. ನಾನು ಇಲ್ಲೇ ಇರ್ತೀನಿ.”